ಹಗೆ ಕಟ್ಟಿಸಿದ ಗೋಪುರದಲ್ಲಿ ರಜೆಯ ಬಿಡಾರ

ಗ್ರೀಸ್ ದೇಶದ ನಕ್ಷೆಯಲ್ಲಿ ದಕ್ಷಿಣದ ಅಂಚನ್ನು ನೋಡಿದರೆ ಪೆಲೊಪೊನೀಸ್ ಭೂಭಾಗವು ಸಮುದ್ರದೊಳಕ್ಕೆ ಮೂರು ಬೆರಳು ಚಾಚಿದಂತೆ ಕಾಣುತ್ತದೆ. ನಡುವಣ ಬೆರಳಿನ ಹೆಸರು ಮಾನಿ. ಅದರ ಬೆನ್ನಿಗೆ ಟೈಗೆಟಸ್ ಪರ್ವತಸಾಲು, ತುದಿಯಲ್ಲಿ ಟೈನಾರೊನ್ ಭೂಶಿರ. ಸತ್ತವರ ಲೋಕಕ್ಕೆ ಇಳಿಯುವ ಗವಿ ಇಲ್ಲಿದೆಯೆಂದು ಪ್ರಾಚೀನ ಗ್ರೀಕರು ನಂಬಿದ್ದರು. ಈಗ ಅದೇ ಜಾಗಕ್ಕೆ ಉಳ್ಳವರು ರಜೆ ಕಳೆಯಲು ಹೋಗುತ್ತಾರೆ. ಅವರಿಗಾಗಿ ಎದ್ದಿರುವ ವಿಲ್ಲಾಗಳಲ್ಲಿ ಗ್ರೀಸ್ ಎಂದೊಡನೆ ನೆನಪಾಗುವ ಬಿಳಿ ಗೋಡೆ, ನೀಲಿ ಗುಮ್ಮಟ ಕಾಣುವುದಿಲ್ಲ. ಬೂದು ಕಲ್ಲಿನ ಚೌಕ ಗೋಪುರ, ನೆತ್ತಿಯಲ್ಲಿ ಕೋಟೆಯ ತೆನೆ, ಬುಡದಲ್ಲಿ ಈಜುಕೊಳ.

ರಜೆಯ ಮನೆಗೆ ಗೋಪುರದ ಆಕಾರವೇ ಏಕೆ? ಇದಕ್ಕೆ ಮಾನಿಯ ಮನೆತನಗಳ ಜಗಳದ ಕತೆಯನ್ನೇ ಹೇಳಬೇಕು.

ಮಾನಿಯಲ್ಲಿ ಮಣ್ಣು ಕಡಿಮೆ, ಬಂಡೆ ಹೆಚ್ಚು. ನೀರಂತೂ ಇನ್ನೂ ಕಡಿಮೆ. ತುರ್ಕರ ಆಟೋಮನ್ ಸಾಮ್ರಾಜ್ಯ ಗ್ರೀಸನ್ನು ಆಳುತ್ತಿದ್ದಾಗಲೂ ಈ ಗುಡ್ಡಗಾಡು ಬಹುಮಟ್ಟಿಗೆ ತನ್ನ ಪಾಡಿಗೆ ತಾನಿತ್ತು. ಹೊರಗಿನ ದೊರೆ ಇಲ್ಲದ ಕಡೆ ಒಳಗಿನವರೇ ದೊರೆಗಳಾದರು. ಇದ್ದ ತುಂಡು ಹೊಲಕ್ಕೆ, ಮಾತಿಗೆ, ಮರ್ಯಾದೆಗೆ ಮನೆತನಗಳು ಕಾದಾಡಿದವು. ಒಂದು ಕೊಲೆಗೆ ಇನ್ನೊಂದು ಕೊಲೆಯೇ ತೀರುವಳಿ. ಗಂಡು ಮಕ್ಕಳನ್ನು ‘ಬಂದೂಕು’ಗಳೆಂದೇ ಕರೆಯುವ ರೂಢಿಯಿತ್ತು. ಮನೆಯಲ್ಲಿ ಎಷ್ಟು ಬಂದೂಕು ಎಂದರೆ ಎಷ್ಟು ಗಂಡಸರು ಎಂದರ್ಥ.

ಈ ಹಗೆಯೇ ‘ಪಿರ್ಗೊಸ್’ ಎಂಬ ಗೋಪುರವನ್ನು ಕಟ್ಟಿಸಿತು. ಮೂರು ನಾಲ್ಕು ಅಂತಸ್ತು, ಬುಡದಲ್ಲಿ ದಪ್ಪವಾಗಿದ್ದು ಮೇಲೆ ಹೋದಂತೆ ತೆಳುವಾಗುವ ಸುಣ್ಣದ ಕಲ್ಲಿನ ಗೋಡೆ. ಕಿಟಕಿ ಎನ್ನುವುದು ಕಿಂಡಿ ಮಾತ್ರ. ಬಂದೂಕಿನ ನಳಿಗೆ ತೂರಿದರೆ ಸಾಕು. ಅಂತಸ್ತಿನಿಂದ ಅಂತಸ್ತಿಗೆ ಹತ್ತಲು ಏಣಿ. ಹತ್ತಿದ ಮೇಲೆ ಅದನ್ನು ಎಳೆದುಕೊಂಡು ಬಾಗಿಲಹಲಗೆ ಮುಚ್ಚಬಹುದು. ಕೆಳಗೆ ಮಳೆನೀರು ಹಿಡಿಯುವ ತೊಟ್ಟಿ. ಪಕ್ಕದ ಮನೆಗಿಂತ ಒಂದಾಳು ಎತ್ತರವಾದರೆ ಅವರ ಚಾವಣಿಗೇ ಗುಂಡು ಹೊಡೆಯಬಹುದು. ಹಾಗಾಗಿ ಪಕ್ಕದವರೂ ಏರಿಸುತ್ತಿದ್ದರು. ಒಂದೇ ಊರಿನಲ್ಲಿ ಹತ್ತಾರು ಗೋಪುರಗಳು ಒತ್ತೊತ್ತಾಗಿ ನಿಂತದ್ದು ಹೀಗೆ. ಎತ್ತರಕ್ಕೆ ಕಟ್ಟುವ ಹಕ್ಕು ಬಲವಿದ್ದ ಮನೆತನಗಳದ್ದು, ಬಲವಿಲ್ಲದವರು ತಗ್ಗು ಮನೆಯಲ್ಲೇ ಇರಬೇಕಿತ್ತು.

ಹೆಂಗಸರ ಮೇಲೆ ಗುಂಡು ಹಾರಿಸುವಂತಿರಲಿಲ್ಲ. ಗಂಡಸರು ಒಳಗೆ ಸೆರೆಯಾದಾಗ ಊಟ, ಮದ್ದುಗುಂಡು ಹೊತ್ತು ತರುತ್ತಿದ್ದವರು ಅವರೇ. ಸತ್ತವರಿಗಾಗಿ ಹಾಡಿಕೊಂಡು ಅಳುತ್ತಿದ್ದವರೂ ಅವರೇ. ಮಾನಿಯ ಶೋಕಗೀತೆಗಳು ಗ್ರೀಸಿನಾದ್ಯಂತ ಹೆಸರಾಗಿವೆ.

1821ರಲ್ಲಿ ತುರ್ಕರ ವಿರುದ್ಧ ಸ್ವಾತಂತ್ರ್ಯ ಸಮರ ಆರಂಭವಾದಾಗ ಈ ಮನೆತನಗಳು ಜಗಳ ಬದಿಗಿಟ್ಟು ಪೆಟ್ರೊಬೇ ಮಾವ್ರೊಮಿಖಾಲಿಸ್‌ನ ಮುಂದಾಳತ್ವದಲ್ಲಿ ಹೊರಟವು, ಮಾರ್ಚ್ ತಿಂಗಳಲ್ಲೇ ಕಲಮಾಟಾ ಪಟ್ಟಣ ಹಿಡಿದವು. ಆದರೆ ಸ್ವತಂತ್ರ ಗ್ರೀಸಿನ ಸರಕಾರವೂ ಅವರಿಗೆ ಹಿಡಿಸಲಿಲ್ಲ. 1831ರಲ್ಲಿ ದೇಶದ ಮೊದಲ ಮುಖ್ಯಸ್ಥ ಕಪೋದಿಸ್ತ್ರಿಯಾಸ್‌ನನ್ನು ಕೊಂದವರು ಇದೇ ಮಾವ್ರೊಮಿಖಾಲಿಸ್ ಮನೆತನದ ಇಬ್ಬರು. ಮುಂದೆ ಬವೇರಿಯಾದಿಂದ ಬಂದ ಬಾಲರಾಜ ಒಟ್ಟೋನ ಆಡಳಿತ ಗೋಪುರಗಳನ್ನು ಕೆಡವಿಸಲು 1834ರಲ್ಲಿ ಸೈನ್ಯ ಕಳಿಸಿತು. ಮಾನಿಯವರು ಸೈನಿಕರನ್ನು ಸೆರೆಹಿಡಿದು, ಬಟ್ಟೆ ಬಿಚ್ಚಿಸಿ, ಹಣ ಪಡೆದು ಬಿಟ್ಟರು! ಗೋಪುರಗಳು ಉಳಿದವು.

ಬಂದೂಕಿಗೆ ಬಗ್ಗದ ಊರುಗಳನ್ನು ಖಾಲಿ ಮಾಡಿದ್ದು ಬಡತನ. ಜನ ಪಿರೇಯಸ್ ಬಂದರಿಗೆ, ಅಮೆರಿಕಕ್ಕೆ, ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ಗುಡ್ಡದ ನೆತ್ತಿಯ ವಾಥಿಯಾ ಇದಕ್ಕೆ ಪ್ರಸಿದ್ಧ ಉದಾಹರಣೆ: ಚಿತ್ರದಲ್ಲಿ ತುಂಬು ಊರು, ಹತ್ತಿರ ಹೋದರೆ ಬಹುಪಾಲು ಬಾಗಿಲು ಮುಚ್ಚಿದ ಕಲ್ಲು. 1970ರ ದಶಕದಲ್ಲಿ ಗ್ರೀಸಿನ ಪ್ರವಾಸೋದ್ಯಮ ಸಂಸ್ಥೆ ಹಳೆಯ ಊರುಗಳನ್ನು ಉಳಿಸುವ ಯೋಜನೆ ಹೂಡಿ, ವಾಥಿಯಾದ ಕೆಲವು ಗೋಪುರಗಳನ್ನು ದುರಸ್ತಿ ಮಾಡಿ ಅತಿಥಿಗೃಹವಾಗಿಸಿತು. ಅವು ಮುಂದೆ ಮುಚ್ಚಿದವು. 1978ರಲ್ಲಿ ಹೊರಟ ರಾಷ್ಟ್ರಾಧ್ಯಕ್ಷರ ಆಜ್ಞೆ ದೇಶದ ನಾನೂರಕ್ಕೂ ಹೆಚ್ಚು ಊರುಗಳನ್ನು ಸಾಂಪ್ರದಾಯಿಕ ನೆಲೆಗಳೆಂದು ಸಾರಿ, ಅಲ್ಲಿ ಕಟ್ಟುವುದಕ್ಕೆ ಕಟ್ಟುಪಾಡು ವಿಧಿಸಿತು.

ಈಗಿನ ವಿಲ್ಲಾಗಳಲ್ಲಿ ಎರಡು ಬಗೆ. ಹಳೆಯ ಗೋಪುರವನ್ನೇ ದುರಸ್ತಿ ಮಾಡಿ ಕೋಣೆಗಳಾಗಿಸಿದ್ದು ಒಂದು. ಇದು ಸುಲಭದ ಕೆಲಸವಲ್ಲ: ಕೋಣೆ ಇಕ್ಕಟ್ಟು, ಮೆಟ್ಟಿಲು ಕಡಿದು, ಬೆಳಕು ಕಿಂಡಿಯಷ್ಟೇ. ಸ್ನಾನಗೃಹಕ್ಕೆ ಜಾಗವೇ ಇರುವುದಿಲ್ಲ. ಎಷ್ಟೋ ಗೋಪುರಗಳಿಗೆ ಊರು ಬಿಟ್ಟುಹೋದ ಅನೇಕ ವಾರಸುದಾರರು; ಎಲ್ಲರ ಸಹಿ ಬೀಳುವ ಹೊತ್ತಿಗೆ ಚಾವಣಿ ಬಿದ್ದಿರುತ್ತದೆ. ಇನ್ನೊಂದು, ಖಾಲಿ ನಿವೇಶನದಲ್ಲಿ ಹೊಸದಾಗಿ ಎಬ್ಬಿಸಿದ್ದು. ಭೂಕಂಪದ ಸೀಮೆಯಾದ್ದರಿಂದ ಒಳಗೆ ಕಾಂಕ್ರೀಟ್ ಚೌಕಟ್ಟು, ಹೊರಗೆ ಕಲ್ಲಿನ ಹೊದಿಕೆ, ಸಮುದ್ರದ ಕಡೆಗೆ ನೆಲದಿಂದ ಚಾವಣಿಯವರೆಗೆ ಗಾಜು. ಯಾರೂ ಒಳಗೆ ನೋಡಬಾರದೆಂದು ಹುಟ್ಟಿದ ಆಕಾರ ಈಗ ಹೊರಗೆ ನೋಡುವುದಕ್ಕೆ! ಮಳೆಯ ಹನಿಯನ್ನೂ ತೊಟ್ಟಿಯಲ್ಲಿ ಕೂಡಿಟ್ಟವರ ನೆಲದಲ್ಲಿ ಈಜುಕೊಳ ಬೇರೆ.

ಹೊಸದನ್ನು ಕಟ್ಟಲೇಬಾರದೆಂದು ದೂರ ಕುಳಿತು ಹೇಳುವುದು ಸುಲಭ. ರಜೆಗೆ ಬರುವವರಿಂದಲೇ ಅಲ್ಲಿನ ಕಲ್ಲುಕುಟಿಗನಿಗೆ ಕೆಲಸ, ಅಂಗಡಿಗೆ ವ್ಯಾಪಾರ. ಆದರೆ ಹಣ ಹೊಸ ಗೋಪುರಗಳಿಗೇ ಹರಿದು, ಅವುಗಳಿಗೆ ಮಾದರಿಯಾದ ಹಳೆಯವು ಪಕ್ಕದಲ್ಲೇ ಕುಸಿಯುತ್ತಿದ್ದರೆ ಆ ಲೆಕ್ಕ ಸರಿಹೋಗುವುದಿಲ್ಲ.

1958ರಲ್ಲಿ ‘ಮಾನಿ’ ಎಂಬ ಪುಸ್ತಕ ಬರೆದು ಈ ಗೋಪುರಗಳನ್ನು ಜಗತ್ತಿಗೆ ಪರಿಚಯಿಸಿದ ಇಂಗ್ಲಿಷ್ ಲೇಖಕ ಪ್ಯಾಟ್ರಿಕ್ ಲೀ ಫರ್ಮರ್ 1960ರ ದಶಕದಲ್ಲಿ ಅಲ್ಲಿಯೇ, ಕಾರ್ದಮಿಲಿಯಲ್ಲಿ, ಮನೆ ಕಟ್ಟಿಸಿದ. ಗೋಪುರದ ತಂಟೆಗೆ ಹೋಗಲಿಲ್ಲ. ಸ್ಥಳೀಯ ಕಲ್ಲಿನ ತಗ್ಗು ಮನೆ, ಸುತ್ತ ಆಲಿವ್ ಮರ. 2011ರಲ್ಲಿ ಆತ ತೀರಿಕೊಂಡ ಮೇಲೆ ಅದು ಅಥೆನ್ಸಿನ ಬೆನಾಕಿ ಮ್ಯೂಸಿಯಂಗೆ ಸೇರಿತು. ದುರಸ್ತಿಯಾದ ಮೇಲೆ ಬೇಸಿಗೆಯಲ್ಲಿ ಮನೆ ಬಾಡಿಗೆಗೆ ಸಿಗುತ್ತದೆ. ಉಳಿದ ಕಾಲದಲ್ಲಿ ಬರಹಗಾರರಿಗೆ, ವಿದ್ವಾಂಸರಿಗೆ.