ಕ್ರಿಸ್ಮಸ್ಸಿನ ಖರ್ಚು, ಹೊಲದಲ್ಲಿನ ತೊಗರಿ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕ್ರೈಸ್ತ ಕುಟುಂಬಗಳಿಗೆ ಡಿಸೆಂಬರ್ 25ರ ಹಬ್ಬವು ವಿಚಿತ್ರವಾದೊಂದು ಸಂಧಿಕಾಲದಲ್ಲಿ ಪ್ರಾಪ್ತವಾಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಭತ್ತವು ಕೊಯ್ಲಾಗಿ, ಹತ್ತಿ ಬಿಡಿಸುವ ಕೆಲಸವಿನ್ನೂ ನಡೆದಿದ್ದು, ಮಳೆಯನ್ನೇ ನಂಬಿದ ತೊಗರಿಯಾದರೋ ಬಹುಪಾಲು ಹೊಲದಲ್ಲಿಯೇ ನಿಂತಿರುವ ಆ ದಿನಗಳಲ್ಲಿ, ಕೈಸೇರಿದ ಹಣಕ್ಕಿಂತ ಬರಲಿರುವ ಹಣವನ್ನೇ ನೆಚ್ಚಿ ಬಟ್ಟೆಯಂಗಡಿಯಲ್ಲಿ ಉದ್ದರಿ ಬರೆಸುವ ಮೋಹವು ಸಹಜವಾದುದೇ ಸರಿ.

ಆ ಮೋಹದ ಬೆಲೆಯನ್ನು ಲೆಕ್ಕಹಾಕಿ ನೋಡೋಣ. 6,000 ರೂಪಾಯಿಗಳನ್ನು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ತಂದವನು ಮುಂದಿನ ಕ್ರಿಸ್ಮಸ್ಸಿನೊಳಗೆ ಬಡ್ಡಿಯೆಂದೇ 2,160 ರೂಪಾಯಿ ತೆರುತ್ತಾನೆ, ಅಸಲು ಹಾಗೆಯೇ ಉಳಿದಿರುತ್ತದೆ. ತಿಂಗಳಿಗೆ 500ರಂತೆ ಸ್ವಸಹಾಯ ಸಂಘದಲ್ಲಿ ಕೂಡಿಟ್ಟ ಗೃಹಿಣಿಯ ಕೈಯಲ್ಲಾದರೋ ವರ್ಷಾಂತ್ಯಕ್ಕೆ ಆ 6,000 ರೂಪಾಯಿಯೇ ಇರುತ್ತದೆ.

ಹೊಸ ಬಟ್ಟೆ, ಕೇಕು, ಮನೆಯ ಮುಂದೆ ತೂಗುವ ನಕ್ಷತ್ರ, ನೆಂಟರಿಗೆ ಬಿರಿಯಾನಿ, ಚರ್ಚಿನ ಕಾಣಿಕೆ, ಇವೆಲ್ಲ ಎಲ್ಲರ ನೆನಪಿನಲ್ಲಿರುತ್ತವೆ. ಮರೆತುಹೋಗುವುದು ಬೆಂಗಳೂರು, ಮುಂಬಯಿಗಳಿಗೆ ದುಡಿಯಹೋದ ಮಕ್ಕಳು ಊರಿಗೆ ಬಂದು ಮರಳುವ ದಾರಿಖರ್ಚು. ಜೊತೆಗೆ, ಹಬ್ಬವು 25ಕ್ಕೇ ಮುಗಿಯದೆ 31ರ ರಾತ್ರಿಯ ಆರಾಧನೆಗೂ ಹೊಸವರ್ಷದ ಊಟಕ್ಕೂ ಚಾಚಿಕೊಳ್ಳುತ್ತದೆಂಬ ಸಂಗತಿ. (ಒಂದೇ ಸೀರೆಯನ್ನು ಎರಡೂ ಆರಾಧನೆಗೆ ಉಡಬಾರದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ!) ಕಡಿತ ಅನಿವಾರ್ಯವಾದಲ್ಲಿ ಹಿರಿಯರ ಬಟ್ಟೆಯಲ್ಲಾಗಲಿ, ಮಕ್ಕಳದರಲ್ಲಿ ಬೇಡ.

ಹಬ್ಬದ ಸಾಮಾನಿನ ಚೀಟಿಯನ್ನು ನವೆಂಬರಿನಲ್ಲಿಯೇ ಮನೆಮಂದಿಯೆಲ್ಲ ಕೂಡಿ ಬರೆಯಿರಿ. ರಾಶಿಯಾಗಿ ಮಾರಾಟವಾಗುವ ತನಕ ತೊಗರಿಯ ಹಣವನ್ನು ಆ ಲೆಕ್ಕದಲ್ಲಿ ಹಿಡಿಯಬೇಡಿ.