ಯುಂಗ್‌ಫ್ರೌಗೆ ಹೊರಟಿದ್ದೀರಾ? ನಿಮ್ಮ ಬಗ್ಗೆಯೂ ಸ್ವಲ್ಪ ಯೋಚಿಸಿ

ಯೂರೋಪ್ ಪ್ಯಾಕೇಜ್ ಟೂರ್ ಎಂದ ಮೇಲೆ ಸ್ವಿಟ್ಜರ್‌ಲೆಂಡ್ ಇರಲೇಬೇಕು. ಸ್ವಿಟ್ಜರ್‌ಲೆಂಡ್ ಎಂದ ಮೇಲೆ ಹಿಮ ನೋಡಲೇಬೇಕು. ಹಾಗಾಗಿಯೇ ಎಷ್ಟೋ ಟೂರ್‌ಗಳಲ್ಲಿ ಯುಂಗ್‌ಫ್ರೌಯೋಖ್‌ಗೆಂದೇ ಒಂದಿಡೀ ದಿನ ಮೀಸಲು. ಬ್ರೋಷರ್‌ನಲ್ಲಿ ‘ಟಾಪ್ ಆಫ್ ಯೂರೋಪ್’ ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರಲ್ಲ, ಅದೇ ಜಾಗ.

ಹೊರಡುವ ಮುಂಚೆ ಮನೆಯಲ್ಲಿ ಏನೆಲ್ಲ ತಯಾರಿ! ಚಕ್ಕುಲಿ, ಕೋಡುಬಳೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಯಜಮಾನರ ಬಿಪಿ ಮಾತ್ರೆ, ಅತ್ತೆಯ ಮಂಡಿನೋವಿನ ಮುಲಾಮು... ಈ ಪಟ್ಟಿಯಲ್ಲಿ ನಿಮಗೆ ಅಂತ ಏನಿದೆ, ಒಮ್ಮೆ ನೋಡಿಕೊಳ್ಳಿ. ಎಷ್ಟೋ ಸಲ ಏನೂ ಇರುವುದಿಲ್ಲ. ‘ನನ್ನದೇನು, ಹೇಗೋ ಆಗುತ್ತೆ ಬಿಡಿ’ ಅನ್ನೋದು ನಮ್ಮ ಹೆಂಗಸರ ಮಾಮೂಲಿ ಮಾತು. ಮನೆಯಲ್ಲಿ ಅದು ಹೇಗೋ ನಡೆದುಹೋಗುತ್ತೆ. ಆದರೆ 3,454 ಮೀಟರ್ ಎತ್ತರದಲ್ಲಿ ನಡೆಯೋದಿಲ್ಲ!

ಎಷ್ಟು ಎತ್ತರ ಗೊತ್ತಾ?

ನಮ್ಮ ರಾಜ್ಯದಲ್ಲೇ ಎತ್ತರದ್ದು ಎನ್ನುವ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅದಕ್ಕಿಂತ 1,500 ಮೀಟರ್ ಮೇಲಿದೆ ಯುಂಗ್‌ಫ್ರೌಯೋಖ್ ರೈಲ್ವೆ ಸ್ಟೇಷನ್. ಐಗರ್ ಮತ್ತು ಮೋಂಖ್ ಎಂಬ ಎರಡು ಪರ್ವತಗಳ ಹೊಟ್ಟೆಯನ್ನೇ ಕೊರೆದು ಹಲ್ಲುಚಕ್ರದ ರೈಲು ಬಿಟ್ಟಿದ್ದಾರೆ. 1896ರಲ್ಲಿ ಶುರುವಾದ ಕೆಲಸ ಮುಗಿದದ್ದು 1912ರಲ್ಲಿ. ಸಾಲದ್ದಕ್ಕೆ, 2020ರ ಡಿಸೆಂಬರ್‌ನಲ್ಲಿ ಗ್ರಿಂಡೆಲ್‌ವಾಲ್ಡ್ ಊರಿನಿಂದ ಹೊಸ ಕೇಬಲ್ ಕಾರ್ ಕೂಡ ಬಂತು. ಹದಿನೈದು ನಿಮಿಷದಲ್ಲಿ ಅದು ನಿಮ್ಮನ್ನು ರೈಲು ಹತ್ತುವ ಜಾಗಕ್ಕೆ ಎತ್ತಿಬಿಡುತ್ತದೆ.

ಆರಾಮೇನೋ ಹೌದು. ತೊಂದರೆ ಇರುವುದೂ ಆ ಆರಾಮದಲ್ಲೇ. ಬೆಳಿಗ್ಗೆ ಸುಮಾರು 570 ಮೀಟರ್ ಎತ್ತರದ ಇಂಟರ್‌ಲಾಕೆನ್‌ನಲ್ಲಿ ತಿಂಡಿ ತಿಂದವರು ಮಧ್ಯಾಹ್ನದೊಳಗೆ ಅಷ್ಟು ಮೇಲೆ ನಿಂತಿರುತ್ತೀರಿ. ದೇಹಕ್ಕೆ ಒಗ್ಗಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ. ಅಲ್ಲಿ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ನಾಲ್ಕು ಮೆಟ್ಟಿಲು ಬೇಗ ಹತ್ತಿದರೂ ಏದುಸಿರು ಬರುತ್ತದೆ. ಕೆಲವರಿಗೆ ತಲೆನೋವು, ವಾಕರಿಕೆ, ತಲೆಸುತ್ತು.

ಬಿಪಿ, ಹೃದಯದ ತೊಂದರೆ, ಆಸ್ತಮಾ ಇರುವವರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಹೊರಡುವ ಮುಂಚೆಯೇ ನಿಮ್ಮ ಡಾಕ್ಟರನ್ನು ಕೇಳಿ. ಬರೀ ‘ಯೂರೋಪ್‌ಗೆ ಹೋಗ್ತಿದೀನಿ’ ಎಂದರೆ ಸಾಲದು. ‘ಮೂರೂವರೆ ಸಾವಿರ ಮೀಟರ್ ಎತ್ತರಕ್ಕೆ ಹೋಗ್ತಿದೀನಿ’ ಎಂದೇ ಹೇಳಿ. ಪಕ್ಕದ ಮನೆಯವರು ನುಂಗಿದ ಮಾತ್ರೆಯನ್ನು ನೀವೂ ನುಂಗಬೇಡಿ.

ನೀರು ಕುಡಿಯದ ವ್ರತ ಬೇಡ

ಗುಂಪಿನಲ್ಲಿ ಹೊರಟರೆ ನಮ್ಮ ಹೆಂಗಸರು ತಪ್ಪದೆ ಮಾಡುವ ಕೆಲಸವೊಂದಿದೆ. ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ! ಯಾಕೆ? ಬಸ್‌ನಲ್ಲಿ ಟಾಯ್ಲೆಟ್‌ಗೆ ನಿಲ್ಲಿಸಿ ಅಂತ ಕೇಳಲು ಸಂಕೋಚ. ನಲವತ್ತು ಜನರ ಎದುರು ಹೇಗೆ ಹೇಳೋದು? ಸರಿ, ಗಂಟಲು ಒಣಗಿಸಿಕೊಂಡು ಕೂತಿರೋದು.

ಎತ್ತರದ ತಣ್ಣನೆಯ ಒಣ ಗಾಳಿಯಲ್ಲಿ ಇದು ನಿಜಕ್ಕೂ ಅಪಾಯ. ಅಲ್ಲಿ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೆ ಉಸಿರಿನ ಜೊತೆಗೇ ನೀರಿನಂಶ ಹೋಗುತ್ತಿರುತ್ತದೆ. ತಲೆನೋವು, ಸುಸ್ತು ಜಾಸ್ತಿಯಾಗುತ್ತದೆ. ಮೇಲಿನಿಂದ ಉರಿಮೂತ್ರ ಬೇರೆ ಶುರುವಾದರೆ ಉಳಿದ ಟೂರ್ ಪೂರ್ತಿ ಫಜೀತಿ. ಸ್ವಿಟ್ಜರ್‌ಲೆಂಡ್‌ನಲ್ಲಿ ನಲ್ಲಿ ನೀರನ್ನೇ ಧೈರ್ಯವಾಗಿ ಕುಡಿಯಬಹುದು. ರೂಮಿನಿಂದಲೇ ಬಾಟಲಿ ತುಂಬಿಸಿಕೊಳ್ಳಿ. ಗುಟುಕು ಗುಟುಕಾಗಿ ಕುಡಿಯುತ್ತಿರಿ.

ಟಾಯ್ಲೆಟ್ ಕೆಳಗಿನ ಸ್ಟೇಷನ್‌ನಲ್ಲೂ ಇದೆ, ಮೇಲೂ ಇದೆ. ಕಂಡಲ್ಲೆಲ್ಲ ಹೋಗಿ ಬಂದುಬಿಡಿ, ‘ಆಮೇಲೆ’ ಎನ್ನಬೇಡಿ. ಟೂರ್ ಮ್ಯಾನೇಜರ್‌ಗೆ ಮೊದಲ ದಿನವೇ ‘ನಮಗೆ ಎರಡು ಗಂಟೆಗೊಮ್ಮೆ ನಿಲ್ಲಿಸಬೇಕಪ್ಪ’ ಎಂದು ಹೇಳಿಬಿಡಿ. ಒಬ್ಬರು ಬಾಯಿ ಬಿಟ್ಟರೆ ಸಾಕು, ‘ಹೌದು ಹೌದು’ ಅನ್ನುವವರು ಹತ್ತು ಜನ ಸಿಗುತ್ತಾರೆ!

ಬಸ್ ಯಾಕೆ ಕಾಯೋದಿಲ್ಲ?

‘ಐದು ನಿಮಿಷ ಲೇಟಾದರೆ ಏನಂತೆ’ ಎಂದು ಗೊಣಗಬೇಡಿ. ಯೂರೋಪಿನಲ್ಲಿ ಬಸ್ ಡ್ರೈವರ್‌ಗಳಿಗೆ ಕಟ್ಟುನಿಟ್ಟಿನ ಕಾನೂನಿದೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಸಾಮಾನ್ಯವಾಗಿ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಎಲ್ಲವನ್ನೂ ಬಸ್‌ನಲ್ಲಿರುವ ಯಂತ್ರವೇ ದಾಖಲಿಸುತ್ತದೆ. ನೀವು ಚಾಕೊಲೇಟ್ ಅಂಗಡಿಯಲ್ಲಿ ಕಳೆಯುವ ಅರ್ಧ ಗಂಟೆ ಸಂಜೆಯ ಊಟವನ್ನೋ ಇನ್ನೊಂದು ಊರನ್ನೋ ಕತ್ತರಿಸಬಹುದು.

ಮೇಲೆ ಮೊದಲು ಏನು?

ಸಿಗುವ ಸಮಯ ಕಡಿಮೆ. ಹೀಗೆ ಮಾಡಿ:

* ಇಳಿದ ಕೂಡಲೇ ಐದು ನಿಮಿಷ ಕೂತು ನೀರು ಕುಡಿಯಿರಿ. ಆಮೇಲೆ ನಿಧಾನವಾಗಿ ಹೆಜ್ಜೆ ಹಾಕಿ.
* ಆಕಾಶ ತಿಳಿಯಾಗಿದ್ದರೆ ಮೊದಲು ಲಿಫ್ಟ್ ಹತ್ತಿ ಸ್ಫಿಂಕ್ಸ್ ವೀಕ್ಷಣಾಲಯಕ್ಕೆ ಹೋಗಿ. ಮೋಡ ಯಾವಾಗ ಕವಿಯುತ್ತದೋ ಹೇಳಲಾಗದು. ಆಲ್ಪ್ಸ್ ಪರ್ವತಗಳಲ್ಲೇ ಉದ್ದವಾದ ಆಲೆಟ್ಷ್ ಹಿಮನದಿ ಕಣ್ಣೆದುರಿಗೇ ಹಾಸಿಕೊಂಡಿರುತ್ತದೆ. ಉದ್ದ ಸುಮಾರು 20 ಕಿಲೋಮೀಟರ್. ಹವಾಮಾನ ಬಿಸಿಯಾಗುತ್ತಿರುವುದರಿಂದ ಇದು ವರ್ಷವರ್ಷವೂ ಕರಗಿ ಕುಗ್ಗುತ್ತಿದೆ. ಎರಡು ನಿಮಿಷ ಕ್ಯಾಮೆರಾ ಕೆಳಗಿಟ್ಟು ಬರಿಗಣ್ಣಿನಿಂದ ನೋಡಿ.
* ಆಮೇಲೆ ಐಸ್ ಪ್ಯಾಲೇಸ್. 1930ರ ದಶಕದಲ್ಲಿ ಪರ್ವತದ ಗೈಡ್‌ಗಳು ಹಿಮನದಿಯೊಳಗೆ ಕೈಯಿಂದಲೇ ಕೊರೆದ ಗುಹೆ ಇದು. ಕಾಲಡಿಯೂ ಮಂಜುಗಡ್ಡೆಯೇ. ಪಕ್ಕದ ಕಂಬಿ ಬಿಡಬೇಡಿ.
* ಶಾಪಿಂಗ್ ಕೊನೆಗೆ. ಇಲ್ಲಿನ ಹಣ ಯೂರೋ ಅಲ್ಲ, ಸ್ವಿಸ್ ಫ್ರಾಂಕ್.

ಸಿನಿಮಾ ಸೀರೆ, ನಿಜವಾದ ಚಳಿ

ಯಶ್ ಚೋಪ್ರಾ ಸಿನಿಮಾಗಳ ನಾಯಕಿಯರು ಹಿಮದಲ್ಲಿ ಶಿಫಾನ್ ಸೀರೆಯುಟ್ಟು ಕುಣಿದಿದ್ದಾರೆ, ನಿಜ. ಇಂಟರ್‌ಲಾಕೆನ್‌ನಲ್ಲಿ ಅವರ ಪ್ರತಿಮೆಯೂ ಇದೆ. ಆದರೆ ಮೇಲೆ ಬೇಸಿಗೆಯಲ್ಲೂ ಚಳಿ ಸೊನ್ನೆ ಡಿಗ್ರಿಯ ಆಸುಪಾಸು. ಸೀರೆಯ ಅಂಚು ಹಿಮದಲ್ಲಿ ನೆಂದರೆ ಕಾಲೆಲ್ಲ ಮರಗಟ್ಟುತ್ತದೆ. ಒಳಗೆ ಥರ್ಮಲ್, ಮೇಲೆ ಚೂಡಿದಾರ್ ಅಥವಾ ಪ್ಯಾಂಟ್, ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಟೋಪಿ, ಗ್ಲೌಸ್ ಹಾಕಿಕೊಳ್ಳಿ. ಚಪ್ಪಲಿ ಬೇಡವೇ ಬೇಡ, ಜಾರದ ಅಟ್ಟೆಯ ಶೂ ಇರಲಿ. ಹಿಮದ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ತಂಪು ಕನ್ನಡಕ, ಸನ್‌ಸ್ಕ್ರೀನ್ ಮರೆಯದಿರಿ.

ನಿಮ್ಮ ಬ್ಯಾಗ್ ನಿಮ್ಮ ಹತ್ತಿರ

ಎಲ್ಲವೂ ಯಜಮಾನರ ಪೌಚ್‌ನಲ್ಲಿ ಇದ್ದು, ನೂಕುನುಗ್ಗಲಿನಲ್ಲಿ ನೀವೊಬ್ಬರೇ ಹಿಂದೆ ಉಳಿದರೆ? ಹಾಗಾಗಿ ಈ ಆರು ನಿಮ್ಮ ಬ್ಯಾಗಿನಲ್ಲೇ ಇರಲಿ:

* ನಿಮ್ಮ ಪಾಸ್‌ಪೋರ್ಟ್
* ಹೋಟೆಲಿನ ಹೆಸರು, ವಿಳಾಸ ಇರುವ ಕಾರ್ಡ್
* ಟೂರ್ ಮ್ಯಾನೇಜರ್ ಫೋನ್ ನಂಬರ್, ಮೊಬೈಲಿನಲ್ಲೂ ಚೀಟಿಯಲ್ಲೂ
* ಸ್ವಲ್ಪ ಫ್ರಾಂಕ್
* ನಿಮ್ಮ ಮಾತ್ರೆಗಳು, ಡಾಕ್ಟರ್ ಚೀಟಿ
* ವಾಪಸ್ ರೈಲಿನ ಟಿಕೆಟ್, ಹೊರಡುವ ಸಮಯ

ದಾರಿ ತಪ್ಪಿದರೆ ಹುಡುಕುತ್ತಾ ಅಲೆಯಬೇಡಿ. ರೈಲು ನಿಲ್ಲುವ ಪ್ಲಾಟ್‌ಫಾರ್ಮ್ ಹತ್ತಿರ ನಿಂತು ಫೋನ್ ಮಾಡಿ. ತುರ್ತಿಗೆ 112 ಒತ್ತಿ.

ಸುಸ್ತಾದರೆ ಹೇಳಿ

‘ಎಲ್ಲರ ಖುಷಿ ಯಾಕೆ ಹಾಳು ಮಾಡಲಿ’ ಎಂದು ತಲೆಸುತ್ತನ್ನು ನುಂಗಿಕೊಳ್ಳಬೇಡಿ. ಮೊದಲು ಕೂತುಕೊಳ್ಳಿ, ಜೊತೆಯವರಿಗೆ ಹೇಳಿ. ಹಾಗೂ ಕಡಿಮೆಯಾಗದಿದ್ದರೆ ಮುಂದಿನ ರೈಲಿಗೆ ಕೆಳಗಿಳಿಯಿರಿ. ಎತ್ತರದ ತೊಂದರೆಗೆ ಕೆಳಗಿಳಿಯುವುದೇ ಮದ್ದು. ಒಬ್ಬರೇ ಇಳಿಯಬೇಡಿ, ಮನೆಯವರೊಬ್ಬರು ಜೊತೆಗೆ ಬರಲಿ. ಉಸಿರಾಟ ತೀರಾ ಕಷ್ಟವಾದರೆ, ಎದೆ ನೋವು ಬಂದರೆ ಒಂದು ನಿಮಿಷವೂ ತಡಮಾಡದೆ ಅಲ್ಲಿನ ಸಿಬ್ಬಂದಿಯನ್ನು ಕರೆಯಿರಿ.

ಇನ್ನು ಕೋಡುಬಳೆ ಡಬ್ಬಿ? ಅದನ್ನು ಯಜಮಾನರ ಕೈಗೆ ಕೊಡಿ. ಆ ಒಂದು ದಿನ ಹಂಚುವ ಕೆಲಸ ಅವರದಾಗಲಿ, ನೀವು ಆರಾಮಾಗಿ ಹಿಮ ನೋಡಿ!