ಮೇಜಿನಗಲದ ಕಡಲು

1881ರ ಬೇಸಗೆಯ ಕೊನೆಯಲ್ಲಿ, ಸ್ಕಾಟ್ಲೆಂಡಿನ ಬ್ರೇಮಾರ್ ಎಂಬಲ್ಲಿ ಮಳೆ ಹಿಡಿದು ಹೊರಗೆ ಕಾಲಿಡಲಾಗದೆ ಕುಳಿತಿದ್ದ ದಿನಗಳಲ್ಲಿ, ರಾಬರ್ಟ್ ಲೂಯಿ ಸ್ಟೀವನ್‌ಸನ್ನನು ತನ್ನ ಹೆಂಡತಿಯ ಮೊದಲ ಮದುವೆಯ ಮಗನಾದ ಲಾಯ್ಡ್ ಆಸ್ಬರ್ನನೊಡನೆ ಬಣ್ಣ ಬಳಿಯುತ್ತ ಒಂದು ದ್ವೀಪದ ನಕ್ಷೆಯನ್ನು ರಚಿಸಿದನು. 'ಟ್ರೆಷರ್ ಐಲೆಂಡ್' ಎಂಬ ಕಡಲ್ಗಳ್ಳರ ಕಥೆಯು ಆ ನಕ್ಷೆಯೊಳಗಿಂದಲೇ ಹುಟ್ಟಿತು. ನೆಲ ಮೊದಲು, ಕಥೆ ಆಮೇಲೆ. ಶ್ವಾಸಕೋಶದ ಬೇನೆಯ ಚಿಕಿತ್ಸೆಗೆಂದು ಆ ಕಾಲದ ಚಳಿಗಾಲಗಳನ್ನು ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಕಳೆದ ಅದೇ ಲೇಖಕನು, ಅಟ್ಟದ ನೆಲದ ಮೇಲೆ ಸೀಮೆಸುಣ್ಣದಿಂದ ಬೆಟ್ಟ, ಹೊಳೆ, ಸೇತುವೆಗಳನ್ನು ಬರೆದು, ಅದೇ ಬಾಲಕನೊಡನೆ ಸೀಸದ ಸೈನಿಕರ ಯುದ್ಧವನ್ನು ದಿನಗಟ್ಟಲೆ ಆಡುತ್ತಿದ್ದನು. ಮೇಜಿನ ಮೇಲೆ ಕಡಲ್ಗಳ್ಳರ ಗೊಂಬೆಕಾಳಗವನ್ನು ರಚಿಸುವವರಿಗೆ ಇದಕ್ಕಿಂತ ಗೌರವದ ಪೂರ್ವಚರಿತ್ರೆ ಬೇಕಿಲ್ಲ.

ಎಚ್. ಜಿ. ವೆಲ್ಸನು 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಇಂಥ ಆಟಕ್ಕೆ ಕ್ರಮಬದ್ಧವಾದ ನಿಯಮಗಳನ್ನು ಕೊಟ್ಟನು. ಇಂದಿನ ಆಟಗಳಲ್ಲಿ ಸಾಮಾನ್ಯವಾಗಿ 28 ಮಿಲಿಮೀಟರ್ ಅಳತೆಯ, ಕೈಯಿಂದಲೇ ಬಣ್ಣ ಬಳಿದ ಗೊಂಬೆಗಳಿರುತ್ತವೆ. ಚದುರಂಗದ ಮನೆಗಳು ಇಲ್ಲಿಲ್ಲ; ನಡೆಯನ್ನೂ ಗುಂಡಿನ ದೂರವನ್ನೂ ಅಂಗುಲಗಳಲ್ಲಿ ಅಳೆದು, ಫಲವನ್ನು ಹೆಚ್ಚಾಗಿ ದಾಳಕ್ಕೆ ಒಪ್ಪಿಸುತ್ತಾರೆ. ಪಕ್ಷಕ್ಕೆ ಹತ್ತು ಹದಿನೈದು ಆಳುಗಳಷ್ಟೇ ಇರುವುದರಿಂದ ಒಬ್ಬೊಬ್ಬನಿಗೂ ಒಂದು ಹೆಸರು, ಒಂದು ಸ್ವಭಾವ, ಒಂದು ಸಾವು ಸಾಧ್ಯವಾಗುತ್ತದೆ.

ನಿಯಮಕರ್ತನು ಮೊದಲು ಧ್ಯಾನಿಸಬೇಕಾದದ್ದು ಕಡಲ್ಗಳ್ಳರ ಕಾಲದ ಕೋವಿಯನ್ನು. ಒಮ್ಮೆ ಹಾರಿಸಿದ ಮೇಲೆ ಮದ್ದು ಸುರಿದು, ಗುಂಡು ತುರುಕಿ, ಮತ್ತೆ ಗುರಿಯಿಡಲು ಅರ್ಧ ನಿಮಿಷದಷ್ಟು ಬೇಕಾಗುತ್ತಿತ್ತು. ಅಷ್ಟರಲ್ಲಿ ಎದುರಾಳಿಯು ಕತ್ತಿ ಹಿರಿದು ಮೈಮೇಲೆ ಬಿದ್ದಿರುತ್ತಿದ್ದನು. ಹೊಡೆತವನ್ನು ಕೂಡಲೇ ವ್ಯಯಿಸಲೆ, ಹತ್ತಿರವಾಗುವವರೆಗೆ ಉಸಿರು ಹಿಡಿದಿರಲೆ ಎಂಬ ಸಂಕಟವು ಆಟಗಾರನ ಎದೆಯಲ್ಲಿ ಹುಟ್ಟದಿದ್ದರೆ, ಗೊಂಬೆಗೆ ಎಷ್ಟು ಬಣ್ಣ ಬಳಿದರೂ ಅದು ಕಡಲ್ಗಳ್ಳನಾಗದು. ಗಾಯದ ಲೆಕ್ಕಕ್ಕೂ ಇತಿಹಾಸದ ಆಧಾರವುಂಟು: ಕಡಲ್ಗಳ್ಳರೊಡನೆ ಸಂಚರಿಸಿದ ಎಕ್ಸ್‌ಕ್ವೆಮೆಲಿನನು, 1678ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಬಲಗೈ ಕಳೆದುಕೊಂಡವನಿಗೆ 600, ಎಡಗೈಗೆ 500, ಕಣ್ಣಿಗೆ 100 ಸ್ಪ್ಯಾನಿಷ್ ಬೆಳ್ಳಿನಾಣ್ಯಗಳ ಪರಿಹಾರವು ಮೊದಲೇ ಗೊತ್ತಾಗಿರುತ್ತಿತ್ತೆಂದು ಬರೆದಿದ್ದಾನೆ. ಒಂದು ಕಾಳಗದಿಂದ ಇನ್ನೊಂದಕ್ಕೆ ಮುಂದುವರಿಯುವ ಆಟದಲ್ಲಿ ಈ ಪಟ್ಟಿಯನ್ನು ಅಳವಡಿಸಿದರೆ, ಗೆದ್ದ ನಾಯಕನ ಬೊಕ್ಕಸವೂ ಬರಿದಾದೀತು.

ಆದರೆ ಈ ಕಲೆಯ ನಿಜವಾದ ಪರೀಕ್ಷೆ ಒಕ್ರಕೋಕ್ ದ್ವೀಪದ ಬಳಿಯ ಕಾಳಗದಲ್ಲಿದೆ. 1718ರ ನವೆಂಬರ್ 22ರಂದು 'ಕರಿಗಡ್ಡ'ನೆಂದು ಕುಖ್ಯಾತನಾದ ಎಡ್ವರ್ಡ್ ಟೀಚನನ್ನು ಹಿಡಿಯಲು ಲೆಫ್ಟಿನೆಂಟ್ ರಾಬರ್ಟ್ ಮೇನಾರ್ಡನು ಫಿರಂಗಿಗಳಿಲ್ಲದ ಎರಡು ಸಣ್ಣ ಹಡಗುಗಳಲ್ಲಿ ಬಂದನು. ಟೀಚನ ಫಿರಂಗಿಗಳ ಮೊದಲ ಸುರಿಮಳೆಗೆ ಅನೇಕರು ಉರುಳಲು, ಮೇನಾರ್ಡನು ಉಳಿದವರನ್ನು ಅಟ್ಟಣೆಯ ಕೆಳಗೆ ಅಡಗಿಸಿದನು; ಮೇಲೆ ಬೆರಳೆಣಿಕೆಯ ಜನರನ್ನು ಕಂಡ ಟೀಚನು ಎಲ್ಲರೂ ಸತ್ತರೆಂದೇ ಭಾವಿಸಿ ಹಡಗಿಗೆ ಹಾರಿದಾಗ, ಅಡಗಿದ್ದವರು ಭೋರ್ಗರೆದು ಮೇಲೆ ಬಂದರು. ಟೀಚನು ಅಲ್ಲಿಯೇ ಮಡಿದನು.

ಚರಿತ್ರೆಯನ್ನು ಓದಿಕೊಂಡು ಮೇಜಿನ ಮುಂದೆ ಕುಳಿತ ಆಟಗಾರನು ಈ ಬಲೆಗೆ ಬೀಳುವನೆ? ಅವನನ್ನು ಟೀಚನ ಅಜ್ಞಾನದಲ್ಲಿಯೇ ನಿಲ್ಲಿಸುವುದು ನಿಯಮಕರ್ತನ ಹೊಣೆ. ನನಗೆ ಹೊಳೆಯುವ ಉಪಾಯವಿದು: ಫಿರಂಗಿಯ ಹೊಡೆತಕ್ಕೆ ಎಷ್ಟು ಮಂದಿ ಸತ್ತರೆಂಬ ದಾಳವನ್ನು ಮೇನಾರ್ಡನ ಪಕ್ಷದವನು ಮರೆಯಲ್ಲಿ ಎಸೆದು, ಕೆಳಗೆ ಉಳಿದವರ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಡಿಸಿಡಲಿ, ಅದು ಹನ್ನೆರಡಿರಬಹುದು, ಸೊನ್ನೆಯೂ ಇರಬಹುದು. ಆಗ ಎದುರಾಳಿಯು ಕರಿಗಡ್ಡನ ಗೊಂಬೆಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಹಡಗು ಹಡಗುಗಳ ನಡುವಿನ ಆ ಎರಡಂಗುಲ ನೀರಿನ ಮೇಲೆ, ಇಳಿಸಲೆ ಬೇಡವೆ ಎಂದು ತಡೆದು ನಿಲ್ಲುತ್ತಾನೆ.